ಐಸ್ ಕೆಳಗಿನ ಮೀನಿಗೆ ಕ್ಯಾಮೆರಾ ಬೇಕಾ, ಫ್ಲ್ಯಾಶರ್ ಬೇಕಾ?

ಹೋದ ವರ್ಷ ದೀಪಾವಳಿ ಮುಗಿದ ವಾರ ಅಮೆರಿಕದಿಂದ ಅಳಿಯ ಫೋನ್ ಮಾಡಿದ್ದ. ಅಳಿಯ ಅಂದರೆ ನನ್ನ ಅಕ್ಕನ ಮಗ, ಮಿನೆಸೋಟಾದಲ್ಲಿ ಕೆಲಸ. "ಮಾಮಾ, ನೀವು ದಿನಾ ನೀರಾಗ ಕ್ಯಾಮೆರಾ ಬಿಡೋರು. ನೀವ ಹೇಳ್ರಿ, ಐಸ್ ಮ್ಯಾಲೆ ಮೀನು ಹಿಡಿಯಾಕ ಕ್ಯಾಮೆರಾ ತಗೊಳ್ಳಲೋ, ಫ್ಲ್ಯಾಶರ್ ತಗೊಳ್ಳಲೋ?" ಅಂದ. ಚಳಿಗಾಲದಲ್ಲಿ ಅಲ್ಲಿನ ಕೆರೆ ಹೆಪ್ಪುಗಟ್ಟುತ್ತದೆ, ಆ ಐಸ್‌ಗೆ ತೂತು ಕೊರೆದು ಗಾಳ ಬಿಡುತ್ತಾರೆ. ಫ್ಲ್ಯಾಶರ್ ಅಂದರೆ ನೀರಿಗೆ ಸದ್ದು ಬಿಟ್ಟು, ಬಡಿದು ವಾಪಸ್ ಬಂದದ್ದನ್ನು ದೀಪದ ಗೆರೆಯಾಗಿ ತೋರಿಸುವ ಯಂತ್ರ. ನಾನು ಯೋಚನೆ ಮಾಡದೆ ಕ್ಯಾಮೆರಾ ಅಂದುಬಿಟ್ಟೆ.

ಆ ಉತ್ತರ ತಪ್ಪಾಗಿತ್ತು. ಜನವರಿಯಲ್ಲಿ ಅಕ್ಕನ ಜೊತೆ ನಾನೂ ಅಲ್ಲಿಗೆ ಹೋಗಿ, ಮೂರು ವಾರದಲ್ಲಿ ಆರು ದಿನ ಐಸ್ ಮೇಲೆ ಕೂತು ಬಂದೆ. ಆಮೇಲೆ ಊರಿಗೆ ಬಂದು ನಮ್ಮ ನೀರಲ್ಲೂ ಎರಡನ್ನೂ ಬಿಟ್ಟು ನೋಡಿದೆ. ಈಗ ಅಳಿಯನ ಗೆಳೆಯರು, ಸಿಂಧನೂರಿನ ಹುಡುಗ ಒಬ್ಬ, ಬಳ್ಳಾರಿಯವನು ಇನ್ನೊಬ್ಬ, ಅವರೂ ಇದನ್ನೇ ಕೇಳುತ್ತಿದ್ದಾರೆ. ಒಬ್ಬೊಬ್ಬರಿಗೆ ಫೋನಲ್ಲಿ ಹೇಳುವುದಕ್ಕಿಂತ ಇಲ್ಲಿ ಪೂರ್ತಿ ಬರೆದಿಡುತ್ತೇನೆ.

ಮೊದಲು ನನ್ನ ಕೆಲಸದ ಬಗ್ಗೆ ಹೇಳಬೇಕು, ಯಾಕಂದ್ರೆ ನನ್ನ ಮೊದಲ ಉತ್ತರ ಅಲ್ಲಿಂದಲೇ ಬಂದದ್ದು. ಕುಷ್ಟಗಿಯಲ್ಲಿ ನನ್ನದು ಮೋಟರ್ ರಿಪೇರಿ ಅಂಗಡಿ. ಅದರ ಜೊತೆಗೆ ಬೋರ್‌ವೆಲ್ ಕ್ಯಾಮೆರಾ. ಯಲಬುರ್ಗಾ, ಕುಷ್ಟಗಿ ಕಡೆ ಕಾಲುವೆ ನೀರು ನೆಚ್ಚುವ ಹಾಗಿಲ್ಲ, ಎಲ್ಲರ ಜೀವ ಬೋರ್ ಮೇಲೆ. ಮೋಟರ್ ಒಳಗೆ ಬಿದ್ದರೆ, ಕೇಸಿಂಗ್ ಪೈಪ್ ಒಡೆದರೆ, ನೀರಿನ ಸೆಲೆ ಯಾವ ಆಳದಲ್ಲಿದೆ ಅಂತ ತಿಳಿಯಬೇಕಾದರೆ ನನ್ನನ್ನು ಕರೆಯುತ್ತಾರೆ. ಆರೂವರೆ ಇಂಚಿನ ಬೋರ್ ಒಳಗೆ ಸ್ಟೀಲ್ ಕೊಳವೆಯ ಕ್ಯಾಮೆರಾ ಇಳಿಯುತ್ತದೆ, ಸುತ್ತ ಎಲ್‌ಇಡಿ ಲೈಟು, ಮೇಲೆ ಕೇಬಲ್ ಸುತ್ತಿದ ಡ್ರಮ್ಮು, ಪಕ್ಕದಲ್ಲಿ ಸ್ಕ್ರೀನು. 600 ಅಡಿ ಕೆಳಗೆ ಮೋಟರ್ ತಲೆ ಕಂಡಾಗ ರೈತನ ಮುಖ ನೋಡಬೇಕು ನೀವು. ಕಣ್ಣಿಗೆ ಕಂಡರೆ ಮುಗಿಯಿತು, ಅದಕ್ಕಿಂತ ದೊಡ್ಡ ಸಾಕ್ಷಿ ಇಲ್ಲ ಅಂತಲೇ ಇಷ್ಟು ವರ್ಷ ಕೆಲಸ ಮಾಡಿದವನು ನಾನು.

ಆದರೆ ಬೋರ್ ಒಳಗಿನ ಮೋಟರ್ ಓಡಿಹೋಗುವುದಿಲ್ಲ. ಮೀನು ಓಡುತ್ತದೆ. ಈ ಸಣ್ಣ ಮಾತು ನನಗೆ ಅಲ್ಲಿ ಹೋಗಿ ಕೂತ ಮೇಲೇ ಹೊಳೆದದ್ದು.

ನಾವು ಹೋದದ್ದು ಮಿಲ್ ಲ್ಯಾಕ್ಸ್ ಅನ್ನುವ ಕೆರೆಗೆ. ಕೆರೆ ಅನ್ನುತ್ತೇನೆ, ಆದರೆ ಅದು 500 ಚದರ ಕಿಲೋಮೀಟರಿಗೂ ಜಾಸ್ತಿ ಇದೆ. ನಮ್ಮ ತುಂಗಭದ್ರಾ ಡ್ಯಾಮ್ ಪೂರ್ತಿ ತುಂಬಿದಾಗ ಹರಡುವುದು ಸುಮಾರು 378 ಚದರ ಕಿಲೋಮೀಟರ್. ಅಷ್ಟು ದೊಡ್ಡ ನೀರು, ಆದರೆ ತೀರಾ ಆಳದ ಜಾಗದಲ್ಲೂ 42 ಅಡಿ ಅಷ್ಟೇ. 600 ಅಡಿ ಬೋರಿಗೆ ಕೇಬಲ್ ಬಿಡುವವನಿಗೆ ಇದು ಏನು ಮಹಾ ಅನ್ನಿಸಿತ್ತು. ನೀರಿನ ಮೇಲೆ ಊರಿನ ಹಾಗೆ ಗುಡಿಸಲು, ಡೇರೆ, ಕಾರು, ಪಿಕಪ್ ಗಾಡಿ. ಕೆಳಗೆ ನೀರಿದೆ ಅಂತ ಮನಸ್ಸು ಒಪ್ಪುವುದೇ ಇಲ್ಲ.

ಅಳಿಯ ಐಸ್ ಮೇಲೆ ಕಾಲಿಡುವ ಮೊದಲು ದಪ್ಪ ಅಳೆಯುತ್ತಾನೆ. ಇದನ್ನು ನೋಡಿ ನನಗೆ ಸಮಾಧಾನವಾಯಿತು. ಅಲ್ಲಿನ ಸರ್ಕಾರವೇ ಹೇಳುವ ಲೆಕ್ಕ ಇದೆ: ನಡೆದು ಹೋಗಲು ಹೊಸ ಗಟ್ಟಿ ಐಸ್ ಕಡಿಮೆ ಅಂದರೂ 4 ಇಂಚು ಇರಬೇಕು, ಸಣ್ಣ ಕಾರಿಗೆ 9ರಿಂದ 10 ಇಂಚು, ಪಿಕಪ್‌ಗೆ 13 ಇಂಚಿನ ಹತ್ತಿರ. ಮೇಲೆ ಹಿಮ ಬಿದ್ದ ಬಿಳಿ ಐಸ್ ಆದರೆ ಇನ್ನೂ ಜಾಸ್ತಿ ಬೇಕು. ಒಂದು ಕಡೆ ದಪ್ಪ ಇದ್ದರೆ ಹತ್ತು ಹೆಜ್ಜೆ ಆಚೆ ತೆಳು ಇರಬಹುದು. ನಾವು ಹೋದ ದಿನ ಒಂದೂವರೆ ಅಡಿ ಇತ್ತು. ಆಗರ್ ಅನ್ನುವ ತಿರುಪಿನ ಯಂತ್ರದಿಂದ 8 ಇಂಚಿನ ತೂತು ಕೊರೆದ. ನಮ್ಮ ಬೋರ್‌ಗಿಂತ ಒಂದೂವರೆ ಇಂಚು ದೊಡ್ಡದು, ಅಷ್ಟೇ. ಕೊರೆಯುವ ಸದ್ದು, ಮೇಲೆ ಉಕ್ಕುವ ಐಸ್ ಪುಡಿ, ಕಡೆಗೆ ಬುಳಕ್ ಅಂತ ನೀರು ಬರುವುದು, ಎಲ್ಲ ನನಗೆ ಬೋರ್ ಹೊಡೆಯುವುದನ್ನೇ ನೆನಪಿಸಿತು. ಆ ಕ್ಷಣದ ಖುಷಿಯೂ ಅದೇ.

ಇಲ್ಲಿ ಒಂದು ಮಾತು. ಇಷ್ಟು ಚಳಿಯಲ್ಲಿ ಮೀನು ಹೇಗೆ ಬದುಕುತ್ತದೆ ಅಂತ ಊರಲ್ಲಿ ಎಲ್ಲರೂ ಕೇಳಿದರು. ನೀರು 4 ಡಿಗ್ರಿಯಲ್ಲಿ ಎಲ್ಲಕ್ಕಿಂತ ಭಾರ. ಅದಕ್ಕಿಂತ ತಣ್ಣಗಾದ ನೀರು ಹಗುರಾಗಿ ಮೇಲೆ ನಿಲ್ಲುತ್ತದೆ, ಅಲ್ಲೇ ಗಟ್ಟಿಯಾಗುತ್ತದೆ. ಹಾಗಾಗಿ ಕೆರೆ ಮೇಲಿನಿಂದ ಹೆಪ್ಪುಗಟ್ಟುತ್ತದೆ, ತಳದಲ್ಲಿ 4 ಡಿಗ್ರಿ ಹತ್ತಿರದ ನೀರು ಹಾಗೇ ಉಳಿಯುತ್ತದೆ. ಮೀನು ಅಲ್ಲಿ ಇರುತ್ತದೆ. ಆದರೆ ಮೈ ತಣ್ಣಗಾಗಿ ನಿಧಾನ ಆಗಿರುತ್ತದೆ, ಬೆನ್ನಟ್ಟಿ ಹೋಗಿ ತಿನ್ನುವುದಿಲ್ಲ. ಬಾಯಿ ಹತ್ತಿರ ಬಂದರೂ ಯೋಚನೆ ಮಾಡಿ ತಿನ್ನುತ್ತದೆ. ಅಲ್ಲಿ ಯಂತ್ರ ಬೇಕಾಗುವುದು ಇದೇ ಕಾರಣಕ್ಕೆ. ಮೀನು ಬಂದು ನಿಂತು ನೋಡುತ್ತಿದೆಯಾ, ಇಲ್ವಾ, ನಾವು ಗಾಳ ಅಲ್ಲಾಡಿಸಿದರೆ ಹತ್ತಿರ ಬಂತಾ, ಹೆದರಿ ಹೋಯಿತಾ, ಇದು ತಿಳಿಯಬೇಕು.

ಅಳಿಯ ಆಫೀಸಿನ ಒಬ್ಬರ ಹತ್ತಿರ ಎರಡೂ ಯಂತ್ರ ಕೇಳಿ ತಂದಿದ್ದ. ಮೊದಲ ದಿನ ನನ್ನ ಮಾತಿನಂತೆ ಕ್ಯಾಮೆರಾ.

ಗಾಳದ ತೂತಿನಲ್ಲೇ ಕ್ಯಾಮೆರಾ ಬಿಟ್ಟರೆ ದಾರ ಕೇಬಲ್‌ಗೆ ಸುತ್ತಿಕೊಳ್ಳುತ್ತದೆ. ಅದಕ್ಕೆ ನಾಲ್ಕು ಅಡಿ ಆಚೆ ಇನ್ನೊಂದು ತೂತು ಕೊರೆಯಬೇಕು. ಆಮೇಲೆ ಕ್ಯಾಮೆರಾ ಮುಖ ಗಾಳದ ಕಡೆ ತಿರುಗಿಸಬೇಕು. ಚಳಿಗೆ ಕೇಬಲ್ ತಂತಿಯ ಹಾಗೆ ಬಿರುಸಾಗಿತ್ತು. ಈ ಕಡೆ ತಿರುಗಿಸಿದರೆ ಕ್ಯಾಮೆರಾ ಆ ಕಡೆ ಹೋಗುತ್ತದೆ, ಬಿಟ್ಟರೆ ತಾನೇ ಗಿರ್ರನೆ ಸುತ್ತುತ್ತದೆ. ನನಗೆ ಕೈ ಪಳಗಿದ ಕೆಲಸ, ಆದರೂ ಗಾಳ ಸ್ಕ್ರೀನಿನಲ್ಲಿ ಕಾಣುವ ಹೊತ್ತಿಗೆ ಕಾಲು ಗಂಟೆ ಹೋಯಿತು. ಹೊರಗೆ ಸೊನ್ನೆಗಿಂತ 20 ಡಿಗ್ರಿ ಕೆಳಗೆ. ಡೇರೆಯೊಳಗೆ ಹೀಟರ್ ಇತ್ತು, ಆದರೆ ಕೇಬಲ್ ಹಿಡಿಯಲು ಗ್ಲೌಸ್ ತೆಗೆಯಲೇಬೇಕಲ್ವಾ.

ಕಂಡಿದ್ದು ಮಾತ್ರ ಚೆಂದ. ಅದನ್ನು ಮರೆಯಲಾರೆ. ಹಸಿರು ಬೆಳಕು, ತಳದಲ್ಲಿ ಸಣ್ಣ ಸಣ್ಣ ಕಲ್ಲು, ಅವುಗಳ ಮೇಲೆ ಚಿಪ್ಪು. ಒಂದು ಕಡೆಯಿಂದ ಮೂರು ಪರ್ಚ್ ಮೀನು ಬಂದವು. ಹಳದಿ ಮೈ, ಅದರ ಮೇಲೆ ಕಪ್ಪು ಅಡ್ಡಪಟ್ಟಿ. ಒಂದು ಮೀನು ಗಾಳದ ಹತ್ತಿರ ಬಂದು ಮೂಗು ತಾಗಿಸುವಷ್ಟು ಹತ್ತಿರ ನಿಂತಿತು. ಬಾಯಿ ತೆರೆಯಿತು. ನಾನು ತಕ್ಷಣ ಎಳೆದೆ. ಗಾಳ ಖಾಲಿ ಬಂತು. ಇನ್ನೊಂದು ಸಲ, ಮತ್ತೆ ಹಾಗೇ. ಕಣ್ಣಿಗೆ ಬಾಯಿ ತೆರೆದದ್ದು ಕಾಣುತ್ತದೆ, ಕೈ ಕಾಯುವುದಿಲ್ಲ. ಮೀನು ಗಾಳವನ್ನು ಪೂರ್ತಿ ಒಳಗೆ ಎಳೆದುಕೊಳ್ಳುವ ಮೊದಲೇ ಎಳೆದುಬಿಡುತ್ತೇವೆ. ಅಳಿಯನೂ ಅದೇ ತಪ್ಪು ಮಾಡಿದ. ಸಂಜೆವರೆಗೆ ಇಬ್ಬರಿಗೂ ಸೇರಿ ಎರಡು ಮೀನು. ನೋಡಿದ್ದು ಮಾತ್ರ ಐವತ್ತಕ್ಕೂ ಜಾಸ್ತಿ.

ಇದೇ ಕ್ಯಾಮೆರಾ ಇನ್ನೊಂದನ್ನೂ ಕಲಿಸಿತು, ಅದನ್ನೂ ಹೇಳಬೇಕು. ಎಷ್ಟೋ ಸಲ ಪರ್ಚ್ ಗಾಳವನ್ನು ಬಾಯಿಗೆ ಹಾಕಿಕೊಂಡು, ಉಗುಳಿ, ಹೋಗಿಬಿಟ್ಟಿತು. ಮೇಲೆ ಕೋಲಿನ ತುದಿ ಒಂಚೂರೂ ಅಲುಗಲಿಲ್ಲ. ಕ್ಯಾಮೆರಾ ಇಲ್ಲದಿದ್ದರೆ ಮೀನೇ ಇಲ್ಲ ಅಂತ ಎದ್ದು ಹೋಗುತ್ತಿದ್ದೆವು. ಆ ಒಂದು ಪಾಠಕ್ಕಾದರೂ ಒಂದು ದಿನ ಕ್ಯಾಮೆರಾ ಬಿಟ್ಟು ಕೂರಬೇಕು ಅಂತ ಈಗಲೂ ಹೇಳುತ್ತೇನೆ.

ಎರಡನೇ ದಿನ ಫ್ಲ್ಯಾಶರ್ ಇಟ್ಟೆವು. ವೆಕ್ಸಿಲಾರ್ ಕಂಪನಿಯ ಎಫ್‌ಎಲ್-8, ಬಹಳ ಹಳೆಯದು. ನನಗೆ ಅದನ್ನು ನೋಡಿದ ಕೂಡಲೇ ಇಷ್ಟವಾಯಿತು, ಯಾಕಂದ್ರೆ ಅದರೊಳಗೆ ಮೋಟರ್ ತಿರುಗುವ ಸದ್ದು ಕೇಳುತ್ತದೆ. ಗಡಿಯಾರದಂಥ ದುಂಡು ಮುಖ. ಒಳಗೆ ಒಂದು ಚಕ್ರ, ಅದರ ಮೇಲೆ ಬಣ್ಣದ ದೀಪ. ಮೋಟರ್ ಆ ಚಕ್ರವನ್ನು ಒಂದೇ ವೇಗದಲ್ಲಿ ತಿರುಗಿಸುತ್ತದೆ. ನೀರಿನಲ್ಲಿ ತೂಗಿಬಿಟ್ಟ ಟ್ರಾನ್ಸ್‌ಡ್ಯೂಸರ್ ಕೆಳಗೆ ಒಂದು ಸದ್ದು ಬಿಡುತ್ತದೆ, ನಮ್ಮ ಕಿವಿಗೆ ಕೇಳದಂಥ ಸದ್ದು. ಅದು ತಳಕ್ಕೆ, ಮೀನಿಗೆ, ಗಾಳಕ್ಕೆ ಬಡಿದು ವಾಪಸ್ ಬಂದಾಗ ಚಕ್ರ ಎಲ್ಲಿದೆಯೋ ಅಲ್ಲಿ ದೀಪ ಮಿಂಚುತ್ತದೆ. ಬೇಗ ಬಂದರೆ ಮೇಲೆ, ತಡವಾಗಿ ಬಂದರೆ ಆಳದಲ್ಲಿ. ಚಕ್ರ ಜೋರಾಗಿ ತಿರುಗುವುದರಿಂದ ಮಿಂಚು ನಮಗೆ ನಿಂತ ಗೆರೆಯ ಹಾಗೆ ಕಾಣುತ್ತದೆ. ಅಷ್ಟೇ ಅದರ ಗುಟ್ಟು. ನೀರಿನಲ್ಲಿ ಸದ್ದು ಸೆಕೆಂಡಿಗೆ 1400 ಮೀಟರಿಗೂ ಜಾಸ್ತಿ ಓಡುತ್ತದೆ. 30 ಅಡಿ ಕೆಳಗೆ ಹೋಗಿ ಬರಲು ಸೆಕೆಂಡಿನ 70ನೇ ಒಂದು ಭಾಗವೂ ಬೇಡ. ಹಾಗಾಗಿ ಗಾಳ ಅಲ್ಲಾಡಿಸಿದ ತಕ್ಷಣ ಮುಖದ ಮೇಲೆ ಅದರ ಗೆರೆಯೂ ಅಲ್ಲಾಡುತ್ತದೆ.

ತಳ ದಪ್ಪ ಕೆಂಪು ಪಟ್ಟಿ. ಗಾಳ ಒಂದು ತೆಳು ಗೆರೆ. ಮೀನು ಬಂದರೆ ಮೊದಲು ತಳದ ಹತ್ತಿರ ಹಸಿರು, ಆಮೇಲೆ ಕಿತ್ತಳೆ, ನೇರ ಕೆಳಗೆ ಬಂದಾಗ ಕೆಂಪು. ದುರ್ಬಲ ಸದ್ದು ಹಸಿರು, ಗಟ್ಟಿ ಸದ್ದು ಕೆಂಪು. ಮೀನಿನ ಹೊಟ್ಟೆಯೊಳಗೆ ಗಾಳಿ ಚೀಲ ಇರುತ್ತದಲ್ಲ, ಸದ್ದು ಜಾಸ್ತಿ ವಾಪಸ್ ಬರುವುದು ಅದರಿಂದ.

ಈಗ ನಡೆದದ್ದು ಕೇಳಿ. ಬೆಳಗ್ಗೆ ಒಂಬತ್ತರ ಹೊತ್ತಿಗೆ ತಳದಿಂದ ಒಂದು ಕೆಂಪು ಗೆರೆ ಎದ್ದಿತು. ಅಳಿಯ "ಮಾಮಾ, ನಿಧಾನಕ್ಕ ಮ್ಯಾಲೆ ತಗೋರಿ" ಅಂದ. ನಾನು ಗಾಳವನ್ನು ಒಂದು ಅಡಿ ಎತ್ತಿದೆ. ಗೆರೆಯೂ ಎದ್ದಿತು. ಮತ್ತೆ ಅರ್ಧ ಅಡಿ. ಅದೂ ಬಂತು. ನಿಲ್ಲಿಸಿದೆ. ಅದೂ ನಿಂತಿತು. ಒಂಚೂರು ನಡುಗಿಸಿದೆ, ಗೆರೆ ಹಸಿರಾಯಿತು, ದೂರ ಸರಿಯಿತು ಅಂತ ಗೊತ್ತಾಯಿತು. ಸುಮ್ನೆ ಕೂತೆ. ಮತ್ತೆ ಕೆಂಪಾಯಿತು. ಎರಡು ಗೆರೆ ಒಂದಾದವು. ಕೈಗೆ ಟಕ್ ಅಂತ ಬಡಿಯಿತು. ವಾಲೈ ಮೀನು, ಎರಡು ಕಿಲೋ ಹತ್ತಿರ. ಅಲ್ಲಿ ಎಲ್ಲರೂ ಹುಡುಕುವುದು ಇದನ್ನೇ.

ಮೀನು ನನಗೆ ಕಾಣಲೇ ಇಲ್ಲ. ಆದರೆ ಅದರ ಜೊತೆ ಮಾತಾಡಿದ ಹಾಗಾಯಿತು. ನಾನು ಏನು ಮಾಡಿದರೆ ಅದು ಏನು ಮಾಡುತ್ತದೆ ಅನ್ನುವುದು ಆಗಿಂದಾಗಲೇ ತಿಳಿಯುತ್ತಿತ್ತು. ಕ್ಯಾಮೆರಾ ನನಗೆ ಮೀನು ತೋರಿಸಿತ್ತು, ಫ್ಲ್ಯಾಶರ್ ಮೀನಿನ ಮನಸ್ಸು ತೋರಿಸಿತು. ಕಣ್ಣಿಗೆ ಬಾಯಿ ಕಾಣದೇ ಇದ್ದದ್ದೇ ಒಳ್ಳೆಯದಾಯಿತು, ಕೈಗೆ ಬಡಿಯುವವರೆಗೆ ಕಾದೆ.

ಇನ್ನೊಂದು ದೊಡ್ಡ ವ್ಯತ್ಯಾಸ ಆಳದ್ದು. ಕ್ಯಾಮೆರಾ ಎಲ್ಲಿ ಇಳಿಸಿದ್ದೀರೋ ಆ ಮಟ್ಟದಲ್ಲಿ ಮಾತ್ರ ನೋಡುತ್ತದೆ. ತಳದಲ್ಲಿ ಕ್ಯಾಮೆರಾ ಇಟ್ಟು ಕೂತರೆ 15 ಅಡಿ ಮೇಲೆ ಹಿಂಡು ಹಿಂಡಾಗಿ ಮೀನು ಹೋದರೂ ತಿಳಿಯುವುದಿಲ್ಲ. ಕ್ರಾಪಿ ಅನ್ನುವ ಮೀನು ಹಾಗೇ ನಡುನೀರಿನಲ್ಲಿ ತೇಲುತ್ತಾ ನಿಲ್ಲುತ್ತದೆ. ಫ್ಲ್ಯಾಶರ್ ಮೇಲಿಂದ ತಳದವರೆಗೆ ಇಡೀ ನೀರನ್ನು ಒಂದೇ ಸಲ ತೋರಿಸುತ್ತದೆ. ಮೂರನೇ ದಿನ ಸಣ್ಣ ಕೆರೆಯೊಂದರಲ್ಲಿ 28 ಅಡಿ ನೀರಿಗೆ 14 ಅಡಿಯಲ್ಲಿ ಗೆರೆಗಳ ಗುಂಪು ಕಂಡಿತು. ಗಾಳವನ್ನು ಅದಕ್ಕಿಂತ ಒಂದು ಅಡಿ ಮೇಲೆ ಇಟ್ಟೆವು. ಕ್ರಾಪಿ ಕೆಳಗಿಂದ ಮೇಲೆ ನೋಡಿ ತಿನ್ನುವ ಮೀನು. ಆ ದಿನ ಅಕ್ಕ ಮನೆಯಲ್ಲಿ ಮೀನು ಸಾರಿಗೆ ಹುಣಸೆಹಣ್ಣು ಸಾಲದೆ ನಿಂಬೆಹಣ್ಣು ಹಿಂಡಿದಳು.

ಆಮೇಲೆ ತೂತಿನಿಂದ ತೂತಿಗೆ ಹೋಗುವ ಮಾತು. ಅಲ್ಲಿ ಜಾಣರು ಒಂದೇ ಕಡೆ ಕೂರುವುದಿಲ್ಲ. ಹತ್ತು ಹದಿನೈದು ತೂತು ಕೊರೆದು, ಒಂದೊಂದರಲ್ಲೂ ಅರ್ಧ ನಿಮಿಷ ಟ್ರಾನ್ಸ್‌ಡ್ಯೂಸರ್ ಅದ್ದಿ, ಮೀನಿದ್ದರೆ ಕೂರುತ್ತಾರೆ, ಇಲ್ಲದಿದ್ದರೆ ಮುಂದಕ್ಕೆ. ಐಸ್ ಗಾಜಿನ ಹಾಗೆ ತಿಳಿಯಾಗಿದ್ದರೆ ತೂತೂ ಬೇಡ, ಮೇಲೆ ಸ್ವಲ್ಪ ನೀರು ಸುರಿದು ಅದರ ಮೇಲೆ ಟ್ರಾನ್ಸ್‌ಡ್ಯೂಸರ್ ಒತ್ತಿ ಹಿಡಿದರೆ ಆಳ ಕಾಣುತ್ತದೆ. ನಡುವೆ ಗಾಳಿ ಗುಳ್ಳೆ ಇರಬಾರದು ಅಷ್ಟೇ, ಗಾಳಿ ಬಂದರೆ ಸದ್ದು ಮುಂದೆ ಹೋಗುವುದಿಲ್ಲ. ಈ ಕೆಲಸ ಕ್ಯಾಮೆರಾದಿಂದ ಮಾಡಿದರೆ ಮಧ್ಯಾಹ್ನ ಅಲ್ಲೇ ಆಗುತ್ತದೆ.

ಫ್ಲ್ಯಾಶರ್ ತಪ್ಪು ದಾರಿ ಹಿಡಿಸುವ ಜಾಗವೂ ಇದೆ. ಸದ್ದು ಕೊಳವೆಯ ಹಾಗೆ ನೇರ ಹೋಗುವುದಿಲ್ಲ, ಚೆಲ್ಲಿದ ಟಾರ್ಚ್ ಬೆಳಕಿನ ಹಾಗೆ ಅಗಲವಾಗುತ್ತಾ ಹೋಗುತ್ತದೆ. 20 ಡಿಗ್ರಿ ಕೋನದಲ್ಲಿ ಸದ್ದು ಹರಡುವ ಟ್ರಾನ್ಸ್‌ಡ್ಯೂಸರ್ ಆದರೆ 30 ಅಡಿ ಆಳದಲ್ಲಿ ಹತ್ತೂವರೆ ಅಡಿ ಅಗಲ ನೋಡುತ್ತದೆ, 9 ಡಿಗ್ರಿಯದಾದರೆ ಐದು ಅಡಿಗಿಂತ ಕಡಿಮೆ. ಅಗಲ ಜಾಸ್ತಿ ಇದ್ದರೆ ಒಳ್ಳೆಯದು ಅನ್ನಿಸುತ್ತದೆ. ಆದರೆ ತಳ ಇಳಿಜಾರಾಗಿದ್ದರೆ ಮೇಲಿನ ಬದಿಯಿಂದ ಸದ್ದು ಮೊದಲು ವಾಪಸ್ ಬಂದು ದಪ್ಪ ಕೆಂಪು ಪಟ್ಟಿ ಕಟ್ಟಿಬಿಡುತ್ತದೆ, ಇಳಿಜಾರಿನ ಕೆಳಗೆ ತಳಕ್ಕೆ ಅಂಟಿ ಮಲಗಿದ ಮೀನು ಆ ಪಟ್ಟಿಯೊಳಗೆ ಮುಚ್ಚಿಹೋಗುತ್ತದೆ. ಅಂಚಿನಲ್ಲಿರುವ ಮೀನಿಗೆ ಸದ್ದು ಓರೆಯಾಗಿ ಹೋಗಿ ಬರುವುದರಿಂದ ಅದು ನಿಜಕ್ಕಿಂತ ಆಳದಲ್ಲಿದೆ ಅಂತ ತೋರಿಸುತ್ತದೆ. ಪಕ್ಕದ ಡೇರೆಯಲ್ಲೂ ಫ್ಲ್ಯಾಶರ್ ಇದ್ದರೆ ಅವರ ಸದ್ದು ನಮ್ಮದರೊಳಗೆ ಬಂದು ಗೆರೆಗಳೆಲ್ಲ ಸುತ್ತಾಡುತ್ತವೆ, ಅದಕ್ಕೆ ಒಂದು ಗುಂಡಿ ಇದೆ, ಒತ್ತಿ ಒತ್ತಿ ಸರಿ ಮಾಡಬೇಕು. ವಾಪಸ್ ಬಂದ ಸದ್ದನ್ನು ಹೆಚ್ಚು ಕಡಿಮೆ ಮಾಡುವ ಗೇನ್ ಗುಂಡಿಯನ್ನು ಗಾಳ ತೆಳುವಾಗಿ ಕಾಣುವಷ್ಟು ಮಾತ್ರ ತಿರುಗಿಸಿ. ಪೂರ್ತಿ ಇಟ್ಟರೆ ಎಲ್ಲಾ ಕೆಂಪೇ.

ಮತ್ತೆ ಅದು ಯಾವ ಮೀನು ಅಂತ ಫ್ಲ್ಯಾಶರ್ ಹೇಳುವುದಿಲ್ಲ. ನಾಲ್ಕನೇ ದಿನ ಎರಡು ಗಂಟೆ ಒಂದೇ ಕೆಂಪು ಗೆರೆಯ ಹಿಂದೆ ಬಿದ್ದೆವು. ಬರುತ್ತದೆ, ನಿಲ್ಲುತ್ತದೆ, ತಿನ್ನುವುದಿಲ್ಲ. ಕಡೆಗೆ ಕ್ಯಾಮೆರಾ ಇಳಿಸಿ ನೋಡಿದರೆ ಉದ್ದ ಮೂತಿಯ ಪೈಕ್, ಕೈಯುದ್ದ ಇತ್ತು. ಅದಕ್ಕೆ ಬೇಕಾದದ್ದು ದೊಡ್ಡ ಗಾಳ, ನಮ್ಮದು ಉಗುರಿನಷ್ಟು. ಆಗ ಕ್ಯಾಮೆರಾದ ಬೆಲೆ ಗೊತ್ತಾಯಿತು. ಗೆರೆ ಓದಿ ಓದಿ ಅನುಮಾನ ಬಂದಾಗ ಒಮ್ಮೆ ಇಣುಕಿ ನೋಡಲು ಅದಕ್ಕಿಂತ ಒಳ್ಳೆಯ ವಸ್ತು ಇಲ್ಲ.

ಇಷ್ಟಾದ ಮೇಲೆ ನೀರಿನ ಬಣ್ಣ. ಇದನ್ನು ಯಾರೂ ಮೊದಲು ಕೇಳುವುದಿಲ್ಲ, ಆದರೆ ಮೊದಲು ಕೇಳಬೇಕಾದ್ದು ಇದೇ. ಮಿಲ್ ಲ್ಯಾಕ್ಸ್ ನೀರು ಈಗ ಬಹಳ ತಿಳಿ. ಝೀಬ್ರಾ ಮಸಲ್ ಅನ್ನುವ ಸಣ್ಣ ಚಿಪ್ಪಿನ ಪ್ರಾಣಿ ಅಲ್ಲಿ 2005ರಲ್ಲಿ ಸಿಕ್ಕಿತು. ಅದು ನೀರನ್ನು ಸೋಸಿ ಸೋಸಿ ತಿನ್ನುತ್ತದೆ, ನೀರು ತಿಳಿಯಾಗುತ್ತದೆ. ಕೆರೆಗೆ ಅದು ಒಳ್ಳೆಯದಲ್ಲ, ಬೇರೆ ಕಡೆಯಿಂದ ಬಂದು ಹೊಕ್ಕ ಜೀವಿ. ಅದೇ ರಾಜ್ಯದ ಉತ್ತರಕ್ಕೆ ಅಪ್ಪರ್ ರೆಡ್ ಲೇಕ್ ಇದೆ. ಸುತ್ತ ಜೌಗು ನೆಲ, ನೀರು ಹಾಲಿಲ್ಲದ ಚಹಾದ ಬಣ್ಣ. ಅಲ್ಲಿಗೆ ಐದನೇ ದಿನ ಹೋದೆವು. ಕ್ಯಾಮೆರಾ ಬಿಟ್ಟರೆ ಎರಡು ಅಡಿ ಆಚೆ ಕಂದು ಕತ್ತಲು. ಲೈಟ್ ಹಾಕಿದರೆ ನೀರಿನ ಕಣಗಳೇ ಬೆಳಗಿ ಕಣ್ಣಿಗೆ ಹೊಡೆಯುತ್ತವೆ, ಧೂಳಿನ ರಸ್ತೆಯಲ್ಲಿ ಹೆಡ್‌ಲೈಟ್ ಹಾಕಿದ ಹಾಗೆ. ಇನ್ಫ್ರಾರೆಡ್, ಅಂದರೆ ಕಣ್ಣಿಗೆ ಕಾಣದ ಲೈಟ್ ಇರುವ ಕ್ಯಾಮೆರಾ ತಗೊಂಡರೆ ಸರಿಹೋಗುತ್ತದೆ ಅಂತ ಅಂಗಡಿಯವರು ಹೇಳುತ್ತಾರೆ. ಮೀನು ಹೆದರುವುದಿಲ್ಲ ಅನ್ನುವುದು ನಿಜ, ಆದರೆ ಆ ಬೆಳಕನ್ನು ನೀರು ಬೇಗ ನುಂಗುತ್ತದೆ, ಕೆಲವೇ ಅಡಿ ದೂರ. ಫ್ಲ್ಯಾಶರ್‌ಗೆ ಮಾತ್ರ ನೀರಿನ ಬಣ್ಣದ ಹಂಗಿಲ್ಲ. ಅದೇ ತೂತಿನಲ್ಲಿ ಅದು ಮಿಲ್ ಲ್ಯಾಕ್ಸ್‌ನಲ್ಲಿ ತೋರಿಸಿದ ಹಾಗೇ ತೋರಿಸಿತು.

ಹೊರಡುವಾಗ ಆ ಆಫೀಸಿನವರು ಹಳೆಯ ಫ್ಲ್ಯಾಶರನ್ನು ನನಗೇ ಕೊಟ್ಟುಬಿಟ್ಟರು, ಅವರು ಹೊಸದು ತಗೊಂಡಿದ್ದರು. ಬ್ಯಾಟರಿ ಅಲ್ಲೇ ಬಿಟ್ಟು ಬಂದೆ. ಊರಿಗೆ ಬಂದು ನೋಡಿದರೆ ಅದಕ್ಕೆ ಬೇಕಾದದ್ದು 12 ವೋಲ್ಟ್ 7 ಎಎಚ್ ಬ್ಯಾಟರಿ, ನಮ್ಮ ಅಂಗಡಿಯಲ್ಲಿ ಯುಪಿಎಸ್‌ಗೆ ಹಾಕುವುದು ಅದೇ. ಎಷ್ಟು ಖುಷಿಯಾಯಿತು ಅಂದ್ರೆ ಅವತ್ತೇ ಬಕೆಟ್ ನೀರಲ್ಲಿ ಅದ್ದಿ ಮೋಟರ್ ಸದ್ದು ಕೇಳಿದೆ.

ಆಗಸ್ಟ್‌ನಲ್ಲಿ ಮುನಿರಾಬಾದ್ ಕಡೆ ಹಿನ್ನೀರಿಗೆ ಒಯ್ದೆ. ಮೀನು ಹಿಡಿಯಲು ಅಲ್ಲ, ಬರೀ ನೋಡಲು. (ಡ್ಯಾಮ್ ಕೆಳಗೆ ಮುದ್ಲಾಪುರದಿಂದ ಕಂಪ್ಲಿವರೆಗೆ 34 ಕಿಲೋಮೀಟರ್ ನದಿ 2015ರಿಂದ ನೀರುನಾಯಿಗಳ ಸಂರಕ್ಷಿತ ಪ್ರದೇಶ. ಗಾಳ, ಬಲೆ, ಯಂತ್ರ ಹಿಡಿದು ಆ ಕಡೆ ಹೋಗಲೇಬಾರದು, ಇದನ್ನು ಓದುವ ಹುಡುಗರು ದಯವಿಟ್ಟು ನೆನಪಿಡಿ.) ಪರಿಚಯದ ಮೀನುಗಾರ ಕಾಕಾ ಹರಿಗೋಲು ಹಾಕಿದರು. ಮಳೆ ನೀರು ಬಂದು ಇಡೀ ಹಿನ್ನೀರು ಕೆಂಪು. ನನ್ನ ಬೋರ್ ಕ್ಯಾಮೆರಾ ಬಿಟ್ಟೆ, ಸ್ಕ್ರೀನ್ ಪೂರ್ತಿ ಕೆಂಪು, ಒಂದು ಗೇಣು ಆಚೆ ಏನೂ ಇಲ್ಲ. ಬೋರ್‌ನಲ್ಲಾದರೆ ಹಿಂದಿನ ದಿನವೇ ಮೋಟರ್ ನಿಲ್ಲಿಸಿ ರಾಡಿ ಕೂರಲು ಬಿಡುತ್ತೇವೆ. ಹೊಳೆಯನ್ನು ನಿಲ್ಲಿಸಿ ಕಾಯಲು ಆಗುತ್ತದಾ? 1953ರಲ್ಲಿ ಡ್ಯಾಮ್ ಮುಗಿದಾಗ ಸುಮಾರು 133 ಟಿಎಂಸಿ ನೀರು ಹಿಡಿಯುತ್ತಿತ್ತು, ಈಗ 105ರ ಆಸುಪಾಸು. ಉಳಿದ ಜಾಗದಲ್ಲಿ ಹೂಳು ಕೂತಿದೆ. ಆ ಹೂಳೆಲ್ಲ ಬಂದದ್ದು ಇಂಥ ಕೆಂಪು ನೀರಿನ ಜೊತೆಗೇ.

ಆಮೇಲೆ ಫ್ಲ್ಯಾಶರ್ ಅದ್ದಿದೆ. 23 ಅಡಿಯಲ್ಲಿ ತಳ. ಆದರೆ ಪಟ್ಟಿ ಮಿಲ್ ಲ್ಯಾಕ್ಸ್‌ನ ಕಲ್ಲುತಳದ ಹಾಗೆ ದಪ್ಪ ಕೆಂಪಲ್ಲ, ಮಂಕು. ಕಾಕಾಗೆ ಕೇಳಿದೆ, ಇಲ್ಲಿ ಎಷ್ಟು ನೀರು ಇರಬಹುದು ಅಂತ. ಅವರು ಕಲ್ಲು ಕಟ್ಟಿದ ಹಗ್ಗ ಇಳಿಬಿಟ್ಟು, ಎರಡು ಸಲ ಎತ್ತಿ ಕುಕ್ಕಿ, "ನಾಲ್ಕಾಳು ನೀರೈತಿ ತಮ್ಮಾ. ಕೆಳಗ ಬರೇ ರಾಡಿ" ಅಂದರು. ಆಳ, ಮೆತ್ತನೆಯ ತಳ, ಎರಡೂ ಯಂತ್ರ ಹೇಳಿದ್ದೇ. ಇನ್ನೂರು ಹೆಜ್ಜೆ ಆಚೆ ಹೋಗಿ "ಇಲ್ಲಿ ಕಲ್ಲೈತಿ ನೋಡು" ಅಂದರು, ಹಗ್ಗ ಬಿಡುವ ಮೊದಲೇ. ಪಟ್ಟಿ ಕೆಂಪಾಯಿತು. ನಾನು ಅವರ ಕೈಗೆ ನಮಸ್ಕಾರ ಮಾಡಿದೆ. ನಡುನೀರಿನಲ್ಲಿ ಆಗಾಗ ದಪ್ಪ ಗೆರೆ ಹಾಯ್ದು ಹೋಗುತ್ತಿತ್ತು. ಕಾಟ್ಲಾ ಇರಬೇಕು ಅಂದರು ಕಾಕಾ, ಕಾಟ್ಲಾ ಮೇಲಿನ ನೀರಿನ ಮೀನು. ಹರಿಗೋಲು ತಿರುಗುತ್ತಲೇ ಇರುವುದರಿಂದ ಒಂದು ಗೆರೆಯ ಮೇಲೆ ನಿಲ್ಲಲು ಮಾತ್ರ ಆಗಲಿಲ್ಲ. ಐಸ್ ಮೇಲೆ ಕೂತಾಗ ನೆಲ ಅಲುಗುವುದಿಲ್ಲ, ಫ್ಲ್ಯಾಶರ್ ಅಲ್ಲಿ ಅಷ್ಟು ಚೆನ್ನಾಗಿ ಕೆಲಸ ಮಾಡುವುದು ಅದಕ್ಕೇ ಅಂತ ಆಗ ಅರ್ಥವಾಯಿತು.

ಕ್ಯಾಮೆರಾಗೂ ನ್ಯಾಯ ಕೊಡಬೇಕಲ್ವಾ. ನಮ್ಮ ಕಡೆ ಗ್ರಾನೈಟ್ ಕ್ವಾರಿಗಳಿವೆ. ಕೆಲಸ ನಿಂತ ಒಂದು ಕ್ವಾರಿ ಗೆಳೆಯನದು, ಮಳೆ ನೀರು ತುಂಬಿ ಕೊಳವಾಗಿದೆ, ಜಿಲೇಬಿ ಮೀನು ಬಿಟ್ಟಿದ್ದಾನೆ. ನವೆಂಬರ್‌ನಲ್ಲಿ ಅಲ್ಲಿ ಕ್ಯಾಮೆರಾ ಇಳಿಸಿದೆ. ತಿಳಿನೀರು, ಕಲ್ಲಿನ ಮೇಲೆ ಡ್ರಿಲ್ ಹೊಡೆದ ಗೀರುಗಳೂ ಕಾಣುತ್ತಿದ್ದವು, ಜಿಲೇಬಿಗಳು ಲೈಟಿನ ಸುತ್ತ ಬಂದು ನೋಡುತ್ತಿದ್ದವು. ಅಲ್ಲಿ ಫ್ಲ್ಯಾಶರ್ ತಡವರಿಸಿತು. ಕಲ್ಲಿನ ಗೋಡೆ ಹತ್ತಿರ ಇದ್ದುದರಿಂದ ಸದ್ದು ಅಲ್ಲಿಂದಲೂ ಬಡಿದು ಬಂದು ಗೆರೆಗಳ ಮೇಲೆ ಗೆರೆ. ತಿಳಿನೀರು, ಇಕ್ಕಟ್ಟು ಜಾಗ, ಆಳ ಕಡಿಮೆ, ಹೀಗಿದ್ದರೆ ಕ್ಯಾಮೆರಾ ಗೆಲ್ಲುತ್ತದೆ. 10 ಅಡಿ ನೀರಿನಲ್ಲಿ 20 ಡಿಗ್ರಿ ಟ್ರಾನ್ಸ್‌ಡ್ಯೂಸರ್ ನೋಡುವುದೇ ಮೂರೂವರೆ ಅಡಿ ಅಗಲ, ಕ್ಯಾಮೆರಾ ಅಲ್ಲಿ ಅದಕ್ಕಿಂತ ಎಷ್ಟೋ ದೂರ ನೋಡುತ್ತದೆ.

ಹಾಗಾಗಿ ಹುಡುಗರೇ, ನನ್ನ ಉತ್ತರ: ಒಂದೇ ತಗೊಳ್ಳುವ ದುಡ್ಡು ಇದ್ದರೆ ಫ್ಲ್ಯಾಶರ್. ನೀವು ಹೋಗುವುದು ಯಾವಾಗಲೂ ಒಂದೇ ಕೆರೆಗೆ, ಅದು ತಿಳಿನೀರು, 15 ಅಡಿಯೊಳಗೆ ಕೂರುತ್ತೀರಿ, ಜೊತೆಗೆ ಸಣ್ಣ ಮಕ್ಕಳಿದ್ದಾರೆ ಅಂದರೆ ಮಾತ್ರ ಕ್ಯಾಮೆರಾ ಮೊದಲು. ಮಕ್ಕಳು ಗೆರೆ ನೋಡಿಕೊಂಡು ಚಳಿಯಲ್ಲಿ ಕೂರುವುದಿಲ್ಲ, ಮೀನು ಕಂಡರೆ ಕೂರುತ್ತಾರೆ, ಅಳಿಯನ ಮಗಳನ್ನು ನೋಡಿ ಹೇಳುತ್ತಿದ್ದೇನೆ. ಈಗ ಲೈವ್ ಸೋನಾರ್ ಅಂತ ಬಂದಿದೆ, ಗಾರ್ಮಿನ್ ಕಂಪನಿಯ ಲೈವ್‌ಸ್ಕೋಪ್ 2018ರಲ್ಲಿ ಬಂತು, ಸುತ್ತಮುತ್ತ ದೂರದ ಮೀನೂ ಚಲಿಸುವ ಚಿತ್ರದ ಹಾಗೆ ಕಾಣುತ್ತದೆ. ಪಕ್ಕದ ಡೇರೆಯಲ್ಲಿ ನೋಡಿದೆ. ಅದ್ಭುತ. ಆದರೆ ಸಾದಾ ಫ್ಲ್ಯಾಶರ್‌ನ ಬೆಲೆಯ ಹಲವು ಪಟ್ಟು. ಮೊದಲ ಚಳಿಗಾಲಕ್ಕೆ ಅದು ಬೇಡ ಅನ್ನುವುದು ನನ್ನ ಅಭಿಪ್ರಾಯ. ಕೈ ಮೊದಲು ಕಲಿಯಲಿ.

ಯಾವುದೇ ತಗೊಂಡರೂ ಬ್ಯಾಟರಿ ನೋಡಿ. ಚಳಿಗೆ ಬ್ಯಾಟರಿಯ ತಾಕತ್ತು ಇಳಿಯುತ್ತದೆ. ಕ್ಯಾಮೆರಾದ ಸ್ಕ್ರೀನು, ಲೈಟು ಎರಡೂ ಕರೆಂಟ್ ಜಾಸ್ತಿ ತಿನ್ನುತ್ತವೆ, ನಮ್ಮದು ಮಧ್ಯಾಹ್ನ ಎರಡಕ್ಕೆ ಸತ್ತಿತ್ತು. ಫ್ಲ್ಯಾಶರ್ ಕತ್ತಲಾಗುವವರೆಗೆ ನಡೆಯಿತು. ಲಿಥಿಯಂ ಬ್ಯಾಟರಿ ಹಗುರ, ಹೊತ್ತು ನಡೆಯುವವರಿಗೆ ಒಳ್ಳೆಯದು, ಆದರೆ ಸೊನ್ನೆಗಿಂತ ಕೆಳಗಿನ ಚಳಿಯಲ್ಲಿ ಅದನ್ನು ಚಾರ್ಜ್ ಮಾಡಬೇಡಿ, ಮನೆಗೆ ತಂದು ಬೆಚ್ಚಗಾದ ಮೇಲೆ ಮಾಡಿ. ಕೇಬಲ್ ಅನ್ನು ಸಣ್ಣ ಸುರುಳಿ ಮಾಡಿ ಬಿಗಿಯಾಗಿ ಕಟ್ಟಬೇಡಿ, ಚಳಿಯಲ್ಲಿ ಒಳಗಿನ ತಂತಿ ಮುರಿಯುತ್ತದೆ. ಇದು ಬೋರ್ ಕ್ಯಾಮೆರಾ ಕಲಿಸಿದ ಮಾತು, ಅಲ್ಲಿಗೂ ಸರಿಹೊಂದುತ್ತದೆ.

ಅಳಿಯ ಹೋದ ವಾರ ಫ್ಲ್ಯಾಶರ್ ತಗೊಂಡಿದ್ದಾನೆ. ನಿನ್ನೆ ರಾತ್ರಿ ಫೋಟೋ ಕಳಿಸಿ, "ಮಾಮಾ, ಮುಂದಿನ ವರ್ಷ ಕ್ಯಾಮೆರಾನೂ ತಗೋತೀನ್ರಿ, ಕೇಬಲ್ ಎಷ್ಟುದ್ದ ಇರಬೇಕು?" ಅಂತ ಕೇಳಿದ. ಮಿಲ್ ಲ್ಯಾಕ್ಸ್‌ಗೆ 50 ಅಡಿ ಸಾಕು ಅಂದೆ. ಕೆರೆ ಹೇಗಿದೆ ಅಂತ ಕೇಳಿದರೆ ದಂಡೆ ಹತ್ತಿರ ಎರಡೂವರೆ ಇಂಚು ಐಸ್ ಕಟ್ಟಿದೆಯಂತೆ, ಶನಿವಾರ ಹೋಗಿ ನೋಡಲಾ ಅಂದ. ಬ್ಯಾಡ, ನಾಲ್ಕು ಇಂಚು ಆಗೋ ತನಕ ಮನೆಯಾಗ ಬಕೆಟ್‌ನಾಗ ಅದ್ದಿ ನೋಡು ಅಂತ ಹೇಳಿದ್ದೇನೆ.